ಕೂಗಿದ ಚಾಕು, ಮಾತಾಡದ ಕೈ

ಹಿಚ್‌ಕಾಕ್‌ನ ‘ಬ್ಲ್ಯಾಕ್‌ಮೇಲ್’ (1929) ಎಂದರೆ ಸಾಕು, ವಿಮರ್ಶಕರೆಲ್ಲ ಒಂದೇ ದೃಶ್ಯಕ್ಕೆ ಜೋತುಬೀಳುತ್ತಾರೆ. ತಿಂಡಿಯ ಹೊತ್ತು, ನೆರೆಯವಳ ಹರಟೆ. ಮಾತೆಲ್ಲ ಗುಜುಗುಜು ಆಗಿ, ‘ಚಾಕು’ ಎಂಬುದೊಂದೇ ನಾಯಕಿ ಆಲಿಸ್‌ಳ ಕಿವಿಗೆ ನಾಟುತ್ತದೆ. ಜಾಣ ತಂತ್ರ, ಇಲ್ಲವೆನ್ನುವುದಿಲ್ಲ. ಆದರೆ ಈ ಒಂದು ಸದ್ದಿನ ಗುಣಗಾನದಲ್ಲಿ ಅದೇ ಚಿತ್ರದ ಮೂಕಿ ಆವೃತ್ತಿ ಟಾಕಿಯ ಕರಡು ಎಂಬಂತೆ ಮೂಲೆಗೆ ಬಿದ್ದಿದೆ. ನನ್ನ ಮಟ್ಟಿಗೆ ಮೂಕಿಯೇ ಮೇಲು.

ಕತೆ ಗೊತ್ತಿರುವುದೇ: ಮಾನ ಉಳಿಸಿಕೊಳ್ಳಲು ಕಲಾವಿದನೊಬ್ಬನನ್ನು ಇರಿದ ಹುಡುಗಿ ಆಲಿಸ್, ಸಾಕ್ಷ್ಯವಾಗಿದ್ದ ಅವಳ ಕೈಗವಸನ್ನು ಬಚ್ಚಿಡುವ ಪತ್ತೇದಾರ ಪ್ರಿಯಕರ, ಇಬ್ಬರನ್ನೂ ಹೆದರಿಸಿ ಹಣ ಕೀಳಲು ಬಂದು ತಾನೇ ಕೊಲೆಗಾರನೆನಿಸಿಕೊಳ್ಳುವ ಟ್ರೇಸಿ.

ಕೊಲೆಯನ್ನೇ ನೋಡಿ. ಪರದೆಯ ಹಿಂದೆ ಎಳೆದಾಟ. ನಮಗೆ ಕಾಣುವುದು ಅಲುಗುವ ಬಟ್ಟೆ ಮಾತ್ರ. ಅದರ ಸಂದಿಯಿಂದ ಆಲಿಸ್‌ಳ ಕೈಯೊಂದು ಹೊರಬಂದು ತಡಕಾಡುತ್ತದೆ. ಬ್ರೆಡ್ಡಿನ ಪಕ್ಕದ ಚಾಕು ಸಿಕ್ಕಿದ್ದೇ ತಡ, ಒಳಗೆ ಹೋಗುತ್ತದೆ. ಬಟ್ಟೆ ನಿಶ್ಚಲ. ಮತ್ತೆ ಹೊರಗೆ ಜೋಲುವುದು ಗಂಡಸಿನ ತೋಳು. ಆಮೇಲೆ ರಾತ್ರಿಯ ಲಂಡನ್ನಿನಲ್ಲಿ ಅವಳು ನಡೆಯುವಾಗ ಟ್ರಾಫಿಕ್ ಪೊಲೀಸಿನವನ ತೋಳೂ, ಬೀದಿಬದಿ ಮಲಗಿದವನ ಚಾಚಿದ ಕೈಯೂ ಆ ಹೆಣದ್ದೇ ಆಗುತ್ತವೆ. ಇಲ್ಲಿ ಪಾಪಪ್ರಜ್ಞೆ ಕಣ್ಣಿನಿಂದ ಒಳಗಿಳಿಯುತ್ತದೆ. ಮಾತಿನ ಹಂಗೇ ಇಲ್ಲ. ಚಾಕುವಿನ ದೃಶ್ಯ ಇದನ್ನೇ ಮತ್ತೊಮ್ಮೆ ಕೂಗಿ ಹೇಳುತ್ತದೆ. ಇನ್ನು ಟಾಕಿಯ ಆಲಿಸ್: ಆನಿ ಓಂಡ್ರಾಳ ಚೆಕ್ ಉಚ್ಚಾರಣೆ ಒಗ್ಗದೆ, ಕ್ಯಾಮೆರಾದ ಆಚೆ ನಿಂತ ಜೋನ್ ಬ್ಯಾರಿ ಮಾತಾಡಿದಳು, ಓಂಡ್ರಾ ತುಟಿಯಾಡಿಸಿದಳು. ಮೂಕಿಯಲ್ಲಿ ಮುಖ ಪೂರ್ತಿ ಅವಳದೇ.

ಆರಂಭದ ಬಂಧನದ ಭಾಗ ಎಳೆದಂತಿದೆ ಎಂಬ ದೂರಿದೆ, ಸ್ವಲ್ಪ ಉದ್ದವೇ. ಆದರೆ ಅಪರಾಧಿಯನ್ನು ಒಳಗೆ ಹಾಕಿ ಪತ್ತೇದಾರರು ಕೈ ತೊಳೆದುಕೊಳ್ಳುವುದನ್ನು ಮರೆಯಬಾರದು. ಕೊನೆಯಲ್ಲಿ ಆಲಿಸ್‌ಳನ್ನೂ ಹೀಗೇ ಬಂಧಿಸಿ, ಅದೇ ವಿಧಿಗಳನ್ನು ತೋರಿಸಬೇಕೆಂಬುದು ಹಿಚ್‌ಕಾಕ್‌ನ ಆಸೆಯಾಗಿತ್ತು. ನಿರ್ಮಾಪಕರು ಒಪ್ಪಲಿಲ್ಲ.

ಬ್ರಿಟಿಷ್ ಮ್ಯೂಸಿಯಮ್ಮಿನ ಬೆನ್ನಟ್ಟುವಿಕೆ ಬರೀ ಚಮತ್ಕಾರ ಎನ್ನುವವರೊಂದಿಗೆ ನನ್ನ ತಕರಾರು ದೊಡ್ಡದು. ಒಳಗೆ ಬೆಳಕು ಸಾಲದೆ, ಛಾಯಾಚಿತ್ರಗಳನ್ನು ಕನ್ನಡಿಯ ಮೂಲಕ ಬೆಸೆಯುವ ಷುಫ್ಟಾನ್ ತಂತ್ರದಿಂದ ಅದನ್ನು ಕಟ್ಟಿದ್ದು ನಿಜ. ಅದರಿಂದೇನು? ಬೃಹತ್ ಶಿಲಾಮುಖದ ಪಕ್ಕ ಹಗ್ಗ ಹಿಡಿದು ಇಳಿಯುವ ಟ್ರೇಸಿ ಹುಳದಷ್ಟಾಗುತ್ತಾನೆ. ಅವನು ನೀಚ, ಕೊಲೆಗಾರನಲ್ಲ. ನಿಜ ಗೊತ್ತಿರುವ ಪತ್ತೇದಾರನೇ ಅವನ ಬೆನ್ನುಹತ್ತಿದ್ದಾನೆ. ಗುಮ್ಮಟದ ಗಾಜು ಒಡೆದು ಅವನು ಬಿದ್ದ ಮೇಲೆ ಪೊಲೀಸರಿಗೂ ಸಮಾಧಾನ, ಪ್ರೇಮಿಗಳಿಗೂ ಬಿಡುಗಡೆ. ಆಲಿಸ್‌ಳ ಸಂಕಟಕ್ಕೆ ಪುಟಗಟ್ಟಲೆ ಕೊಡುವ ವಿಮರ್ಶಕರು ಈ ಸಾವಿಗೆ ಒಂದು ಸಾಲನ್ನೂ ಕೊಡದಿದ್ದರೆ, ಅವರೂ ಪತ್ತೇದಾರನ ಜೊತೆ ಸೇರಿ ಕೈಗವಸು ಬಚ್ಚಿಟ್ಟಂತೆಯೇ.

ಮೂಕಿ ಆವೃತ್ತಿಯನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಂಸ್ಕರಿಸಿ, 2012ರಲ್ಲಿ ಅದೇ ಮ್ಯೂಸಿಯಮ್ಮಿನಲ್ಲಿ ಪ್ರದರ್ಶಿಸಿತು. ಟಾಕಿಯನ್ನಷ್ಟೇ ನೋಡಿದವರು ಇದನ್ನೂ ಒಮ್ಮೆ ನೋಡಿ, ಆಮೇಲೆ ಜಗಳಕ್ಕೆ ಬನ್ನಿ.