ಗೃಹಸಭೆಯೂ ಚಲಚ್ಚಿತ್ರವೂ

ಬಂಧುಮಿತ್ರರಲ್ಲಿ ಕೆಲವರನ್ನು ಸಂಜೆಗೆ ಮನೆಗೆ ಕರೆದು, ಎಲ್ಲರೂ ಒಟ್ಟಿಗೆ ಕುಳಿತು ಒಂದು ಚಲಚ್ಚಿತ್ರವನ್ನು ನೋಡುವ ವಾಡಿಕೆಯು ಈಗ ಅಪೂರ್ವವಲ್ಲ. ಇಂಥ ಸಂಜೆಯನ್ನು ಬಹುಕಾಲ ನೆನಪಿನಲ್ಲಿ ನಿಲ್ಲುವಂತೆ ನಡೆಸುವುದು ಹೇಗೆಂಬ ವಿಷಯದಲ್ಲಿ ಉಪದೇಶಗಳಿಗೂ ಕೊರತೆಯಿಲ್ಲ. ಆದರೆ ಆ ಉಪದೇಶಗಳಲ್ಲಿ ಬಹುಭಾಗವು ದೀಪಾಲಂಕಾರ, ಮೆತ್ತನೆಯ ಆಸನ, ತಿಂಡಿತೀರ್ಥ, ಪರದೆಯ ವಿಸ್ತಾರ ಇಷ್ಟರಲ್ಲಿಯೇ ಮುಗಿದುಹೋಗುತ್ತದೆ. ನೋಡತಕ್ಕ ಕೃತಿ ಯಾವುದು, ನೋಡುವವರ ಚಿತ್ತವು ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಕುರಿತು ಒಂದು ಮಾತೂ ಇರುವುದಿಲ್ಲ. ಚಪ್ಪರವನ್ನೂ ಭೋಜನವನ್ನೂ ವರ್ಣಿಸಿ ವಧೂವರರನ್ನೇ ಮರೆತ ಮದುವೆಯ ವರದಿಯಂತೆ ಇದು ಆಯಿತು. ಆದಕಾರಣ ಈ ವಿಷಯವನ್ನು ನಾಟ್ಯಶಾಸ್ತ್ರದ ದೃಷ್ಟಿಯಿಂದ ಒಮ್ಮೆ ವಿಮರ್ಶಿಸುವುದು ಅಯುಕ್ತವಾಗಲಾರದು.

ಅಷ್ಟು ಪ್ರಾಚೀನವಾದ ಶಾಸ್ತ್ರಕ್ಕೂ ವಿದ್ಯುದ್ಬಲದಿಂದ ನಡೆಯುವ ಈ ಯಂತ್ರಕ್ಕೂ ಏನು ಸಂಬಂಧವೆಂದು ಆಕ್ಷೇಪಿಸುವವರು ಯಂತ್ರದ ಚರಿತ್ರೆಯನ್ನೇ ಸ್ವಲ್ಪ ಪರಿಶೀಲಿಸಬೇಕು. ೧೮೯೪ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಎಡಿಸನ್ನನ ಕೈನೆಟೋಸ್ಕೋಪ್ ಎಂಬ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ಜನರಿಗೆ ತೋರಿಸಿದರು. ಪೆಟ್ಟಿಗೆಯ ಮೇಲಣ ಕಿಂಡಿಗೆ ಕಣ್ಣಿಟ್ಟು ಒಂದು ಸಲಕ್ಕೆ ಒಬ್ಬನೇ ನೋಡಬೇಕು. ಪಕ್ಕದಲ್ಲಿ ನಿಂತವನಿಗೆ ಏನೂ ಕಾಣದು. ಮರುವರ್ಷ, ಎಂದರೆ ೧೮೯೫ರ ಡಿಸೆಂಬರ್ ೨೮ರಂದು, ಲುಮಿಯೇರ್ ಸಹೋದರರು ಪ್ಯಾರಿಸ್ಸಿನ ಗ್ರಾಂ ಕಫೆಯ ಒಂದು ಚಿಕ್ಕ ಕೋಣೆಯಲ್ಲಿ ಪರದೆಯನ್ನು ಕಟ್ಟಿ, ಹಣ ಕೊಟ್ಟು ಬಂದ ಸ್ವಲ್ಪ ಮಂದಿಗೆ ತಮ್ಮ ಚಿತ್ರಗಳನ್ನು ತೋರಿಸಿದರು. ೧೮೯೬ರ ಜುಲೈ ೭ರಂದು ಆ ಪ್ರದರ್ಶನವು ಮುಂಬಯಿಯ ವಾಟ್ಸನ್ ಹೋಟೆಲಿಗೂ ಬಂದಿತು. ಲೋಕವು ಪೆಟ್ಟಿಗೆಯನ್ನು ಬಿಟ್ಟು ಪರದೆಯನ್ನು ಹಿಡಿಯಿತು. ಪೆಟ್ಟಿಗೆಯಲ್ಲಿ ನೋಟವಿತ್ತು, ಪರದೆಯ ಮುಂದೆ ಸಭೆಯೂ ಇತ್ತು. ಚಲಚ್ಚಿತ್ರವು ನಾಟ್ಯದ ಕುಲಕ್ಕೆ ಸೇರಿದುದು ಆ ದಿನದಿಂದಲೇ ಎನ್ನಬಹುದು.

ಈ ದೃಷ್ಟಿಯಿಂದ ನೋಡಿದರೆ ಇಂದಿನ ಮೊಬೈಲ್ ಫೋನು ಎಡಿಸನ್ನನ ಪೆಟ್ಟಿಗೆಯ ಪುನರ್ಜನ್ಮವಲ್ಲದೆ ಬೇರೆಯಲ್ಲ. ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಮೂಲೆಗಳಲ್ಲಿ ಕುಳಿತು, ಕಿವಿಗಳನ್ನು ಮುಚ್ಚಿಕೊಂಡು, ನಾಲ್ಕು ಚಿತ್ರಗಳನ್ನು ನೋಡುವರು. ಒಬ್ಬಳು ನಕ್ಕರೆ ಏಕೆ ನಕ್ಕಳೆಂಬುದು ಮತ್ತೊಬ್ಬನಿಗೆ ತಿಳಿಯದು. ಇಂತಿರಲು, ಮನೆಯವರನ್ನೂ ನೆರೆಯವರನ್ನೂ ಒಂದು ಪರದೆಯ ಮುಂದೆ ಕೂಡಿಸುವ ಗೃಹಸ್ಥನು ತನಗೆ ತಿಳಿಯದೆಯೇ ಲುಮಿಯೇರ್ ಸಹೋದರರ ಕೆಲಸವನ್ನು ಮತ್ತೊಮ್ಮೆ ಮಾಡುತ್ತಿರುವನು.

ಮನೆಯು ರಂಗಶಾಲೆಯಾಗಲು ಅರ್ಹವೇ ಎಂಬ ಪ್ರಶ್ನೆಗೆ ಭರತಮುನಿಯ ಮತವು ಅನುಕೂಲವಾಗಿಯೇ ಇದೆ. ಆತನು ಪ್ರೇಕ್ಷಾಗೃಹಗಳಿಗೆ ೧೦೮, ೬೪, ೩೨ ಹಸ್ತಗಳೆಂಬ ಮೂರು ಪ್ರಮಾಣಗಳನ್ನು ಹೇಳಿ, ಮರ್ತ್ಯರಿಗೆ ಮಧ್ಯಮವೇ ತಕ್ಕುದೆಂದು ವಿಧಿಸುವನು. ಕಾರಣವನ್ನೂ ಕೊಡುವನು: ಅತಿ ವಿಸ್ತಾರವಾದ ಮಂದಿರದಲ್ಲಿ ಪಾಠ್ಯವು ಕೆಟ್ಟ ಸ್ವರವಾಗಿ ಕೇಳುವುದು, ಮುಖದಲ್ಲಿ ತೋರುವ ಭಾವವು ಅಸ್ಪಷ್ಟವಾಗುವುದು. ಮನೆಯ ನಡುಮನೆಯು ಈ ಮೂರು ಪ್ರಮಾಣಗಳಿಗೂ ಕಿರಿದೆಂಬುದು ನಿಜ. ಆದರೂ ಮಾತು ಕೇಳಬೇಕು, ಮುಖ ಕಾಣಬೇಕು ಎಂಬ ಆತನ ಉದ್ದೇಶವು ಅಲ್ಲಿ ಚೆನ್ನಾಗಿಯೇ ನೆರವೇರುತ್ತದೆ. ಆದುದರಿಂದ ಮನೆಯ ನ್ಯೂನತೆಯು ಅದರ ಅಳತೆಯಲ್ಲಿಲ್ಲ.

ಹಾಗಾದರೆ ಎಲ್ಲಿದೆ? ಮನೆಯು ಮನೆಯಾಗಿರುವುದರಲ್ಲಿಯೇ ಇದೆ. ರಸಾಸ್ವಾದಕ್ಕೆ ಏಳು ವಿಘ್ನಗಳುಂಟೆಂದು ಅಭಿನವಗುಪ್ತಪಾದಾಚಾರ್ಯರು ಅಭಿನವಭಾರತಿಯಲ್ಲಿ ನಿರೂಪಿಸಿರುವರು. ಅವುಗಳಲ್ಲಿ ಎರಡು ಈ ಪ್ರಕರಣಕ್ಕೆ ಮುಖ್ಯವಾದುವು. ಪಾತ್ರದ ಸುಖದುಃಖಗಳನ್ನು ತನ್ನವು ಅಥವಾ ಇಂಥವನವು ಎಂದು ನಿಯತವಾಗಿ ಅಂಟಿಸಿಕೊಳ್ಳುವುದು ಒಂದು. ತನ್ನ ಸ್ವಂತದ ಸುಖದುಃಖಗಳಿಗೆ ವಶನಾಗಿ ಮನಸ್ಸನ್ನು ಬೇರೆಡೆಗೆ ತಿರುಗಿಸಲಾರದೆ ಹೋಗುವುದು ಮತ್ತೊಂದು. ಮನೆಯಾದರೋ ಮಮತೆಯ ಬೀಡು. ಒಲೆಯ ಮೇಲಿನ ಹಾಲು, ನಾಳೆಯ ಸಾಲದ ಕಂತು, ಮಗುವಿನ ಪರೀಕ್ಷೆ, ಮೂಲೆಯಲ್ಲಿ ಒಣಗದೆ ಉಳಿದ ಬಟ್ಟೆ—ಎಲ್ಲವೂ ‘ನನ್ನದು, ನನ್ನದು’ ಎಂದು ಕರೆಯುತ್ತಿರುತ್ತವೆ. ರಂಗಶಾಲೆಗೆ ಹೋಗುವವನು ಅವುಗಳನ್ನು ಹೊಸ್ತಿಲಲ್ಲಿ ಬಿಟ್ಟು ಹೋಗುವನು. ಮನೆಯಲ್ಲಿಯೇ ನೋಡುವವನಿಗೆ ದಾಟತಕ್ಕ ಹೊಸ್ತಿಲೇ ಇಲ್ಲ. ಆದಕಾರಣ ಎರಡು ಗಂಟೆಗಳ ಮಟ್ಟಿಗೆ ಮನೆಯಿಂದ ಮನೆತನವನ್ನು ತೆಗೆದು, ಇಲ್ಲದ ಆ ಹೊಸ್ತಿಲನ್ನು ಕಟ್ಟುವುದೇ ಆಹ್ವಾನಿಸಿದವರ ಮುಖ್ಯ ಕರ್ತವ್ಯವು. ಉಳಿದ ಸಿದ್ಧತೆಗಳೆಲ್ಲ ಇದಕ್ಕೆ ಅಂಗಗಳು.

ಇದು ಸಾಧ್ಯವೆಂಬುದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ೧೯೮೭ರ ಜನವರಿಯಿಂದ ೧೯೮೮ರ ಜುಲೈವರೆಗೆ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾನಂದ ಸಾಗರರ ರಾಮಾಯಣವು ಪ್ರಸಾರವಾಗುತ್ತಿದ್ದಾಗ, ಯಂತ್ರವಿದ್ದ ಮನೆಯ ನಡುಮನೆಯಲ್ಲಿ ಬೀದಿಯ ಜನವೆಲ್ಲ ನೆರೆಯುತ್ತಿತ್ತು. ಸ್ನಾನ ಮಾಡಿ ಬಂದು ಕೂಡುವವರಿದ್ದರು. ಯಂತ್ರಕ್ಕೆ ಹೂವಿನ ಹಾರವನ್ನು ಹಾಕಿದವರೂ ಇದ್ದರು. ಅದನ್ನು ಮೌಢ್ಯವೆಂದು ನಕ್ಕವರು ಅದರಲ್ಲಿದ್ದ ಒಂದು ಗುಣವನ್ನು ಕಾಣಲಿಲ್ಲ. ನಾಟಕಕ್ಕೆ ಮೊದಲು ಪೂರ್ವರಂಗವು ಮಾಡುವ ಕೆಲಸವನ್ನು ಅಲ್ಲಿ ಸ್ನಾನವೂ ಹೂವೂ ಮಾಡಿದುವು. ನಿತ್ಯದ ವ್ಯವಹಾರವು ನಿಂತು ಬೇರೊಂದು ಕಾಲವು ಪ್ರಾರಂಭವಾಯಿತೆಂಬ ತಿಳಿವಳಿಕೆಯು ಕುಳಿತವರಿಗೆಲ್ಲ ಒಮ್ಮೆಗೇ ಉಂಟಾಗುತ್ತಿತ್ತು.

ಇಂದಿನ ಗೃಹಸಭೆಗೂ ಇಂಥ ಪೂರ್ವರಂಗವು ಆವಶ್ಯಕ. ಅದು ದೀರ್ಘವಾಗಿರಬೇಕಾಗಿಲ್ಲ. ಫೋನುಗಳನ್ನು ಒಂದು ಬುಟ್ಟಿಯಲ್ಲಿಟ್ಟು ಬೇರೆ ಕೋಣೆಗೆ ಕಳುಹಿಸುವುದು, ಒಲೆಯನ್ನು ಆರಿಸುವುದು, ದೀಪವನ್ನು ತಗ್ಗಿಸುವುದು, ಚಿತ್ರವನ್ನು ಮಾಡಿದವರು ಯಾರು, ಯಾವ ವರ್ಷದ್ದು ಎಂಬುದನ್ನು ನಾಲ್ಕು ಮಾತುಗಳಲ್ಲಿ ತಿಳಿಸುವುದು, ಇಷ್ಟು ಸಾಕು. ಕಥೆಯ ಕೊನೆಯನ್ನು ಹೇಳಕೂಡದು. ಸೂತ್ರಧಾರನು ಪ್ರಸ್ತಾವನೆಯನ್ನು ಮುಗಿಸಿ ರಂಗದಿಂದ ಹೊರಟುಹೋಗುವಂತೆ ಗೃಹಸ್ಥನೂ ಅಲ್ಲಿಗೆ ಮಾತನ್ನು ನಿಲ್ಲಿಸಬೇಕು. ಚಿತ್ರದ ನಡುನಡುವೆ ‘ಈಗ ನೋಡಿ, ಈಗ ನೋಡಿ’ ಎಂದು ಎಚ್ಚರಿಸುವ ಗೃಹಸ್ಥನು ತಾನೇ ಎಂಟನೆಯ ವಿಘ್ನವಾಗುವನು.

ಆಚಾರ್ಯರು ಹೇಳಿದ ಮತ್ತೆರಡು ವಿಘ್ನಗಳು ಅರಿಯುವ ಉಪಾಯದ ಲೋಪ ಮತ್ತು ಸ್ಫುಟತೆಯ ಅಭಾವ. ಯಂತ್ರದ ವಿಷಯದಲ್ಲಿ ಇವನ್ನು ಅಕ್ಷರಶಃ ಗ್ರಹಿಸಬಹುದು. ಹಳೆಯ ಚಿತ್ರಗಳ ಚೌಕಟ್ಟು ಬಹುಮಟ್ಟಿಗೆ ಅಗಲ ೪ ಇದ್ದರೆ ಎತ್ತರ ೩ ಎಂಬ ಪ್ರಮಾಣಕ್ಕೆ ಸಮೀಪವಾದುದು. ಈಗಿನ ಟಿವಿ ಪರದೆಯದು ೧೬ಕ್ಕೆ ೯. ಎರಡು ಪಕ್ಕಗಳಲ್ಲಿ ಉಳಿಯುವ ಕಪ್ಪು ಪಟ್ಟಿಗಳನ್ನು ಸಹಿಸಲಾರದೆ ಚಿತ್ರವನ್ನು ಅಡ್ಡಲಾಗಿ ಎಳೆದು ತುಂಬಿಸುವವರುಂಟು. ಆಗ ಕೃಶಾಂಗಿಯಾದ ನಾಯಿಕೆಯು ಸ್ಥೂಲಕಾಯಳಾಗುವಳು. ಛಾಯಾಗ್ರಾಹಕನ ವಿನ್ಯಾಸವು ಕೆಡುವುದು. ಚಲಚ್ಚಿತ್ರವು ಸೆಕೆಂಡಿಗೆ ೨೪ ಬಿಂಬಗಳಂತೆ ತೆಗೆದುದು. ಚಲನೆಯನ್ನು ನಯಗೊಳಿಸುವ ನೆವದಲ್ಲಿ ಅನೇಕ ಯಂತ್ರಗಳು ನಡುನಡುವೆ ತಾವೇ ಕಲ್ಪಿಸಿದ ಬಿಂಬಗಳನ್ನು ಸೇರಿಸುತ್ತವೆ. ಇದು ಲಿಪಿಕಾರನು ಕವಿಯ ಶ್ಲೋಕಗಳ ನಡುವೆ ತನ್ನ ಪ್ರಕ್ಷಿಪ್ತಗಳನ್ನು ಸೇರಿಸಿದುದಕ್ಕೆ ಸಮಾನ. ಈ ಸೌಕರ್ಯವನ್ನು ಮುಂಚಿತವಾಗಿಯೇ ಆರಿಸತಕ್ಕದ್ದು. ಇನ್ನು ತಿಂಡಿಯ ವಿಷಯ. ಅತಿಥಿಸತ್ಕಾರವನ್ನು ಬಿಡಬೇಕೆಂದು ಯಾರೂ ಹೇಳರು. ಚಕ್ಕುಲಿ ಕೋಡುಬಳೆಗಳು ಚಿತ್ರಕ್ಕೆ ಮೊದಲು, ಕಾಫಿಯು ವಿರಾಮದಲ್ಲಿ, ಊಟವು ಕೊನೆಯಲ್ಲಿ ಆದರೆ ಎರಡು ಬಗೆಯ ರಸಗಳಿಗೂ ನ್ಯಾಯವು ದೊರೆಯುವುದು. ನಾಯಕನು ಪಿಸುಮಾತಿನಲ್ಲಿ ಪ್ರಾಣಬಿಡುತ್ತಿರುವಾಗ ಹಪ್ಪಳವನ್ನು ಮುರಿಯುವುದರಿಂದ ಎರಡೂ ಕೆಡುವುವು. ಅಂಗವು ಅಂಗಿಯನ್ನು ನುಂಗಬಾರದು.

ಈ ವಿಚಾರದ ನಿಜವಾದ ಪರೀಕ್ಷೆಯು ಕೃತಿಯ ಆಯ್ಕೆಯಲ್ಲಿದೆ. ನಗಿಸಿ ಕಳುಹಿಸುವ ಚಿತ್ರಕ್ಕೆ ಇಷ್ಟು ಸಿದ್ಧತೆ ಬೇಡವೆನ್ನಬಹುದು. ಆದರೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಮನೆಯಲ್ಲಿ ತೋರಿಸುವುದಾದರೆ ಹೇಗೆ? ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ೧೯೭೭ರಲ್ಲಿ ಕಪ್ಪುಬಿಳುಪಿನಲ್ಲಿ ತೆಗೆದ ಈ ಚಿತ್ರಕ್ಕೆ ಆ ವರ್ಷದ ಸ್ವರ್ಣಕಮಲವು ದೊರೆಯಿತು. ಬಿ. ವಿ. ಕಾರಂತರ ಸಂಗೀತಕ್ಕೂ ನಾಣಿಯ ಪಾತ್ರವನ್ನು ವಹಿಸಿದ ಬಾಲಕ ಅಜಿತ್ ಕುಮಾರನಿಗೂ ರಾಷ್ಟ್ರಪ್ರಶಸ್ತಿಗಳು ಬಂದುವು. ಜೀರ್ಣೋದ್ಧಾರಗೊಂಡ ಪ್ರತಿಯು ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು.

ವೇದಪಾಠಶಾಲೆಗೆ ಹೊಸದಾಗಿ ಬಂದ ಚಿಕ್ಕ ಬಾಲಕ ನಾಣಿಯ ಕಣ್ಣಿನಿಂದ ಕಥೆಯು ಸಾಗುತ್ತದೆ. ತಾಯಿಯನ್ನು ನೆನೆದು ಅಳುವ ಅವನನ್ನು ಗುರುಗಳಾದ ಉಡುಪರ ವಿಧವೆ ಮಗಳು ಯಮುನೆಯು ಅಕ್ಕರೆಯಿಂದ ಕಾಣುವಳು. ಅವಳು ಗರ್ಭಿಣಿಯಾಗುವಳು, ಕಾರಣನಾದವನು ಕೈಬಿಡುವನು, ಅಗ್ರಹಾರವು ಬಹಿಷ್ಕರಿಸುವುದು. ಕೊನೆಗೆ ತಂದೆಯೇ, ಬದುಕಿರುವ ಮಗಳಿಗೆ, ಮಡಕೆಯನ್ನು ಒಡೆದು ಶ್ರಾದ್ಧಮಾಡುವನು. ಆ ವೃದ್ಧನೇ ಹದಿಹರೆಯದ ಕನ್ಯೆಯನ್ನು ಮದುವೆಯಾಗಲಿರುವ ಸುದ್ದಿಯೂ ಬರುತ್ತದೆ. ಪಾಠಶಾಲೆಯನ್ನು ಬಿಟ್ಟು ಹೊರಡುವ ಬಾಲಕನು ತಲೆ ಬೋಳಿಸಿದ ಯಮುನೆಯನ್ನು ನೋಡುವನು. ಚಿತ್ರವು ಯಾರನ್ನೂ ಬಯ್ಯುವುದಿಲ್ಲ, ಉಪನ್ಯಾಸವನ್ನೂ ಮಾಡುವುದಿಲ್ಲ. ಅರ್ಥವಾಗದ ವಯಸ್ಸಿನ ಹುಡುಗನು ನೋಡಿದನೆಂಬುದೇ ಅದರ ತೀರ್ಪು.

ಇದನ್ನು ಪಟ್ಟಣದ ಚಿತ್ರಮಂದಿರದಲ್ಲಿ ನೋಡುವುದಕ್ಕೂ ಮನೆಯಲ್ಲಿ ನೋಡುವುದಕ್ಕೂ ಭೇದವುಂಟು. ಚಿತ್ರಮಂದಿರದ ಕತ್ತಲೆಯಲ್ಲಿ ಪಕ್ಕದವನು ಅಪರಿಚಿತನು, ಕಣ್ಣೀರಿಗೆ ಲೆಕ್ಕವಿಲ್ಲ. ಮನೆಯಲ್ಲಾದರೋ ತಂದೆಯ ಪಕ್ಕದಲ್ಲಿ ಮಗಳು, ಅತ್ತೆಯ ಪಕ್ಕದಲ್ಲಿ ಸೊಸೆ. ಎಷ್ಟೋ ಮನೆಗಳಲ್ಲಿ ಹಿಂದಿನ ತಲೆಮಾರಿನ ಒಬ್ಬ ಯಮುನೆಯ ಹೆಸರನ್ನು ಎತ್ತುವ ವಾಡಿಕೆಯಿಲ್ಲ. ಹಾಗೆ ಮರೆತವಳ ಮುಖವು ಪರದೆಯ ಮೇಲೆ ತೋರಿದಾಗ ನಡುಮನೆಯ ಗಾಳಿಯೇ ಬದಲಾಗುತ್ತದೆ. ಯಾರೋ ಒಬ್ಬರು ನೀರಿನ ನೆವದಿಂದ ಏಳುವರು. ಮತ್ತೊಬ್ಬರು ಕಾಲವು ಹಾಗಿತ್ತೆಂದು ಸಮಾಧಾನ ಹೇಳಲು ಬಾಯ್ದೆರೆಯುವರು. ಸಂಜೆಯು ಸಿದ್ಧಿಸುವುದೋ ಕೆಡುವುದೋ ಎಂಬುದು ಆ ಗಳಿಗೆಯಲ್ಲಿ ನಿರ್ಧಾರವಾಗುತ್ತದೆ. ‘ಇದು ಇಂಥವರ ಕಥೆ’ ಎಂದು ಸಭೆಯು ಬೆರಳು ತೋರಿಸಿತೋ, ಆಚಾರ್ಯರು ಹೇಳಿದ ವಿಘ್ನವೇ ಗೆದ್ದಿತು. ಕರುಣವು ಹೋಗಿ ಕಲಹವು ಉಳಿಯಿತು. ಅದಕ್ಕೆ ಬದಲಾಗಿ, ತನ್ನವಳಿಗಾಗಿ ಹುಟ್ಟಿದ ನೋವು ಎಲ್ಲ ಯಮುನೆಯರಿಗೂ ಸಾಧಾರಣವಾದ ನೋವಾಗಿ ಹರಡಿತೋ, ಮನೆಯು ಚಿತ್ರಮಂದಿರವು ಕೊಡಲಾರದುದನ್ನು ಕೊಟ್ಟಿತು. ಏಕೆಂದರೆ ಚಿತ್ರಮಂದಿರದ ಸಭೆಯು ಬಾಗಿಲಲ್ಲಿ ಚದುರುವುದು. ಮನೆಯ ಸಭೆಯು ಮರುದಿನವೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು.

ದಣಿದು ಬಂದ ಜನರಿಗೆ ವಿಶ್ರಾಂತಿ ಬೇಕು, ಶ್ರಾದ್ಧದ ಕಥೆಯೇಕೆ ಎಂಬುದು ಸಾಮಾನ್ಯವಾದ ಆಕ್ಷೇಪ. ದುಃಖಾರ್ತರಿಗೂ ಶ್ರಮಾರ್ತರಿಗೂ ವಿಶ್ರಾಂತಿಯನ್ನು ಕೊಡುವುದು ನಾಟ್ಯದ ಪ್ರಯೋಜನವೆಂದು ಭರತನೂ ಒಪ್ಪಿರುವನು. ಪ್ರೇಕ್ಷಕರ ವಯಸ್ಸು, ಸ್ವಭಾವಗಳಿಗೆ ತಕ್ಕಂತೆ ಅವರು ಮೆಚ್ಚುವ ವಿಷಯಗಳೂ ಬೇರೆಯಾಗುವುವೆಂದು ಹೇಳಿರುವನು. ಆದುದರಿಂದ ಬಾಲರು ತುಂಬಿದ ಸಭೆಗೆ ‘ಘಟಶ್ರಾದ್ಧ’ವನ್ನು ಬಡಿಸುವುದು ವಿವೇಕವಲ್ಲ, ಅವರಿಗೆ ಹಾಸ್ಯವೂ ಅದ್ಭುತವೂ ಸಲ್ಲುವುವು. ಆದರೆ ವಿಶ್ರಾಂತಿಯೆಂದರೆ ಮರೆವಲ್ಲ. ನಿದ್ರೆಗೆಡಿಸಿದ ನೋವು ಹತ್ತು ಮಂದಿಯ ನಡುವೆ ಒಮ್ಮೆ ಬೆಳಕಿಗೆ ಬಂದರೆ ಅದರಿಂದಲೂ ಹೃದಯವು ವಿಶ್ರಮಿಸುತ್ತದೆ.

ಪ್ರಯೋಗದ ಸಿದ್ಧಿಯನ್ನು ಭರತನು ಎರಡು ಬಗೆಯಾಗಿ ವಿಭಾಗಿಸಿರುವನು. ಮುಗುಳ್ನಗೆ, ಅಟ್ಟಹಾಸ, ಸಾಧುವಾದ, ರೋಮಾಂಚಗಳಿಂದ ತಿಳಿಯತಕ್ಕುದು ಮಾನುಷೀ ಸಿದ್ಧಿ. ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ತುಂಬಿದ ರಂಗವು ನಿಶ್ಚಲವಾಗಿರುವುದು ದೈವಿಕೀ ಸಿದ್ಧಿ. ಗಾಳಿ ಮಳೆಗಳೇ ಮುಂತಾದ ದೈವಕೃತ ಘಾತಗಳನ್ನೂ ಆತನು ಎಣಿಸಿರುವನು. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು ನಿಂತರೆ ಅದನ್ನೂ ಆ ವರ್ಗಕ್ಕೆ ಸೇರಿಸಿ ತಾಳ್ಮೆಯಿಂದಿರಬೇಕು. ಚಿತ್ರವು ಮುಗಿದೊಡನೆ ದೀಪವನ್ನು ಹಚ್ಚಿ ‘ಹೇಗಿತ್ತು?’ ಎಂದು ಕೇಳುವ ಆತುರವು ಮಾತ್ರ ಮನುಷ್ಯಕೃತ. ಶಿಲ್ಪಿಗಳ ನಾಮಾವಳಿಯು ಪರದೆಯ ಮೇಲೆ ಕೊನೆಯವರೆಗೆ ಹಾಯ್ದುಹೋಗಲಿ. ಕತ್ತಲೆಯು ಇನ್ನೂ ಸ್ವಲ್ಪ ಹೊತ್ತು ಇರಲಿ. ಮೊದಲ ಮಾತನ್ನು ಸಭೆಯಲ್ಲಿ ಅತ್ಯಂತ ಕಡಿಮೆ ಮಾತನಾಡುವವರು ಆಡಲಿ. ಆಮೇಲೆ ಎಲೆ ಹಾಕಬಹುದು.