ಗುಬ್ಬಿಯ ಪರದೆಯೂ ಬೆಂಗಳೂರಿನ ಬಯಲೂ

೧೯೭೨ರಲ್ಲಿ ಬಿ. ವಿ. ಕಾರಂತರು ಬೆಂಗಳೂರಿನ ಬಯಲಿನಲ್ಲಿ ಆಡಿಸಿದ ನಾಟಕಗಳಿಂದ ಕನ್ನಡ ರಂಗಭೂಮಿಯಲ್ಲಿ ಹೊಸ ಪ್ರಕರಣವೊಂದು ಆರಂಭವಾಯಿತೆಂಬುದು ಸರ್ವಸಮ್ಮತವಾದ ಮಾತು. ಲಂಕೇಶರು ಕನ್ನಡಿಸಿದ ಗ್ರೀಕರ ‘ಈಡಿಪಸ್’, ಅವರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ಇವು ಆ ಪ್ರಯೋಗದ ಮುಖ್ಯ ಕೃತಿಗಳು. ಉತ್ಸವವು ಅಲ್ಪಕಾಲದ್ದು, ಅದರ ಪರಿಣಾಮವು ದೀರ್ಘಕಾಲದ್ದು. ಆದರೆ ಕಂಪನಿ ನಾಟಕವನ್ನು ತೊರೆದುದರಿಂದಲೇ ಈ ಹೊಸತನವು ಸಿದ್ಧಿಸಿತೆಂದು ಕೆಲವು ವಿಮರ್ಶಕರು ಹೇಳುವುದುಂಟು. ಇದು ಪರ್ಯಾಲೋಚಿಸತಕ್ಕ ವಿಷಯ.

ಕಾರಂತರು ಬಾಲ್ಯದಲ್ಲಿಯೇ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಸೇರಿದವರು. ಅವರನ್ನು ಕಾಶಿಗೆ ಕಳುಹಿಸಿ ವಿದ್ಯಾಭ್ಯಾಸಕ್ಕೆ ನೆರವಾದವರು ಗುಬ್ಬಿ ವೀರಣ್ಣನವರು. ೧೮೮೪ರಲ್ಲಿ ಹುಟ್ಟಿದ ಆ ಕಂಪನಿಯೂ ತನ್ನ ಕಾಲಕ್ಕೆ ಸಾಹಸಪ್ರಿಯವೇ ಆಗಿತ್ತು. ೧೯೩೪ರ ‘ಕುರುಕ್ಷೇತ್ರ’ದಲ್ಲಿ ಜೀವಂತವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆದುದರಿಂದ ಹೊಸ ನಾಟಕವನ್ನು ಗುಬ್ಬಿಯ ವೈರಿಯೆನ್ನುವುದಕ್ಕಿಂತ ಮನೆ ಬಿಟ್ಟು ಹೊರಟ ಮಗನೆನ್ನುವುದು ಯುಕ್ತ.

ಹಾಗಾದರೆ ಹೊಸದು ಯಾವುದು? ಉತ್ತರವು ಸಂಗೀತದಲ್ಲಿದೆ. ಕಂಪನಿಯ ನಾಟಕದಲ್ಲಿ ಹಾಡಿಗಾಗಿ ಕಥೆ ನಿಲ್ಲುತ್ತಿತ್ತು. ಸಭೆಯು ‘ಒನ್ಸ್ ಮೋರ್’ ಎಂದರೆ ಸತ್ತ ಪಾತ್ರವೂ ಎದ್ದು ಹಾಡಬೇಕಾಗುತ್ತಿತ್ತು. ಭರತಮುನಿಯು ಧ್ರುವಾಗಾನವನ್ನು ಪ್ರಾವೇಶಿಕೀ, ನೈಷ್ಕ್ರಾಮಿಕೀ, ಆಕ್ಷೇಪಿಕೀ, ಪ್ರಾಸಾದಿಕೀ, ಆಂತರಾ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಪಾತ್ರದ ಪ್ರವೇಶಕ್ಕೆ, ನಿರ್ಗಮನಕ್ಕೆ, ರಸದ ಪಲ್ಲಟಕ್ಕೆ ಹಾಡು ನೆರವಾಗಬೇಕೆಂಬುದೇ ಇದರ ತಾತ್ಪರ್ಯ. ಕಾರಂತರ ಸಂಗೀತವು ಈ ಕೆಲಸವನ್ನೇ ಮಾಡಿತು. ‘ಜೋಕುಮಾರಸ್ವಾಮಿ’ಯಲ್ಲಿ ಮೇಳವು ಕಥೆಯನ್ನು ತಡೆಯದೆ ಮುಂದಕ್ಕೆ ನೂಕುತ್ತದೆ. ಗಣಪತಿಯ ಸ್ಥಾನದಲ್ಲಿ ಜೋಕುಮಾರನಿಗೆ ಪೂಜೆ ಸಲ್ಲಬೇಕೆಂದು ಅಲ್ಲಿ ನಡೆಯುವ ವಾದವನ್ನು ಕಂಡು ಸಂಪ್ರದಾಯಸ್ಥರು ಹುಬ್ಬುಗಂಟಿಕ್ಕಬಹುದು. ಆದರೆ ಅದು ಪೂರ್ವರಂಗವನ್ನು ಹಾಸ್ಯಕ್ಕಾಗಿ ಕೆಡಿಸಿದುದಲ್ಲ. ಭೂಮಿ ಯಾರದು, ಫಲ ಯಾರದು ಎಂಬ ಮುಂದಿನ ಪ್ರಶ್ನೆಗೆ ಅದೇ ನಾಂದಿ.

ಇಷ್ಟು ಗುಣವಿದ್ದರೂ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ಕಂಪನಿಯು ಊರೂರಿಗೆ ಹೋಗಿ ಕ್ಯಾಂಪು ಹಾಕುತ್ತಿತ್ತು. ನಟರಿಗೆ ಸಂಬಳ, ಊಟ, ವಸತಿಗಳನ್ನು ಒದಗಿಸುತ್ತಿತ್ತು. ಹೊಸ ನಾಟಕದವರು ಹಗಲು ಉದ್ಯೋಗ ಮಾಡಿ ಸಂಜೆ ಬಣ್ಣ ಹಚ್ಚುವ ಹವ್ಯಾಸಿಗಳು. ಪರದೆಯ ಬಂಧನದಿಂದ ಬಿಡುಗಡೆ ಹೊಂದಿದ ನಾಟಕವು ನಗರದ ಬಂಧನದಿಂದ ಬಿಡುಗಡೆ ಹೊಂದಲಿಲ್ಲ. ಗ್ರಾಮದ ಬಯಲಾಟದಿಂದ ಜೀವವನ್ನು ಪಡೆದ ಕಲೆಯು ನಗರದವರಿಗೆ ಕೌತುಕವಾಯಿತು. ಕುಣಿಗಲಿನ ರೈತನಿಗೆ ಅದು ಬಹುಮಟ್ಟಿಗೆ ಪತ್ರಿಕೆಯ ವಾರ್ತೆಯಾಗಿಯೇ ಉಳಿಯಿತು.

ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಹೆಸರಿಟ್ಟ ಮಾತ್ರಕ್ಕೆ ಋಣ ತೀರದು. ಕಾರಂತರ ವಿವೇಕವನ್ನೂ ವೀರಣ್ಣನವರ ಸಂಚಾರವನ್ನೂ ಕೂಡಿಸಬಲ್ಲ ಮಂಡಳಿಯೊಂದು ಈ ಜಿಲ್ಲೆಯಿಂದಲೇ ಹೊರಡುವುದಾದರೆ, ಆ ಅಲ್ಪಾಯುವಾದ ಉತ್ಸವಕ್ಕೆ ಅದಕ್ಕಿಂತ ಯೋಗ್ಯವಾದ ಸ್ಮಾರಕ ಬೇರೊಂದಿಲ್ಲ.