ಕೆಮ್ಮಣ್ಣಿನ ಇಳಿಜಾರು

ಲಿಂಗದಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಆರೂವರೆಗೆ ಚಡ್ಡಿ ಹಾಕಿಕೊಂಡು, ಬೆನ್ನಿಗೆ ಪುಟ್ಟ ಚೀಲ ಬಿಗಿದುಕೊಂಡು ನಿಂತ ಐವತ್ತು ದಾಟಿದ ಮನುಷ್ಯನನ್ನು ಕಂಡರೆ ಊರಿನವರು ಸುಮ್ಮನಿರುವುದಿಲ್ಲ.

"ಎಲ್ಲಿಗೆ ಸಾರ್?"

"ಕೆಮ್ಮಣ್ಣುಗುಂಡಿಗೆ."

"ಗಾಡಿ ಎಲ್ಲಿ?"

"ಗಾಡಿ ಇಲ್ಲ, ಓಡ್ಕಂಡು ಹೋಗ್ತೀನಿ."

ಹೋಟೆಲಿನ ಯಜಮಾನರು ಕಾಫಿ ಲೋಟ ಎದುರಿಗಿಟ್ಟು ನನ್ನ ಮುಖವನ್ನೇ ನೋಡಿದರು. "ಏನಾರ ಹರಕೆನಾ?"

ಹರಕೆ ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ದಾರಿಯಲ್ಲಿ ಕಲ್ಲತ್ತಿಗಿರಿಯ ವೀರಭದ್ರನೂ ಸಿಗುತ್ತಾನೆ. "ಖುಷಿಗೆ" ಎಂದೆ. ಅವರಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ. ಕಾಫಿಗೆ ಮಾತ್ರ ದುಡ್ಡು ತೆಗೆದುಕೊಳ್ಳಲಿಲ್ಲ.

ಟ್ರೇಲ್ ರನ್ನಿಂಗ್ ಎನ್ನುವುದಕ್ಕೆ ಕನ್ನಡದಲ್ಲಿ ಇನ್ನೂ ಹೆಸರು ನಿಂತಿಲ್ಲ. ನಾನು ಗುಡ್ಡದ ಓಟ ಎನ್ನುತ್ತೇನೆ. ಇಂಗ್ಲೆಂಡಿನ ಉತ್ತರದ ಬೋಳುಗುಡ್ಡಗಳಲ್ಲಿ ಇದು ಹಳೆಯ ಚಟ. 1932ರಲ್ಲಿ ಬಾಬ್ ಗ್ರಹಾಂ ಎಂಬಾತ ಅಲ್ಲಿನ 42 ಶಿಖರಗಳನ್ನು 24 ಗಂಟೆಯೊಳಗೆ ಸುತ್ತಿ ಬಂದ. ಇವತ್ತಿಗೂ ಆ ಸುತ್ತನ್ನು ಮುಗಿಸಲು ಜನ ವರ್ಷಗಟ್ಟಲೆ ತಯಾರಿ ನಡೆಸುತ್ತಾರೆ. 2003ರಲ್ಲಿ ಶುರುವಾದ ಮಾಂಟ್ ಬ್ಲಾಂಕ್ ಸುತ್ತಿನ ಓಟವಂತೂ ಈಗ ಜಾತ್ರೆ. ನಮ್ಮ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಲ್ಲೂ ಕೆಲವು ವರ್ಷಗಳಿಂದ ಮಲ್ನಾಡ್ ಅಲ್ಟ್ರಾ ನಡೆಯುತ್ತಿದೆ. ಬೆಂಗಳೂರಿನ ಐಟಿ ಮಂದಿ ಹಣೆಗೆ ಟಾರ್ಚ್ ಕಟ್ಟಿಕೊಂಡು ಕತ್ತಲಲ್ಲಿ ಕಾಫಿ ಗಿಡಗಳ ಮಧ್ಯೆ ಹೊರಡುತ್ತಾರೆ. ಅದರ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ನನ್ನ ಚಪಲ ಬೇರೆ. ಗುಂಪಿಲ್ಲದ, ಎದೆಗೆ ನಂಬರ್ ಅಂಟಿಸಿಕೊಳ್ಳದ ಓಟ ನನಗಿಷ್ಟ. ಅದಕ್ಕೆ ಲಿಂಗದಹಳ್ಳಿಗಿಂತ ಒಳ್ಳೆಯ ಬಾಗಿಲು ಈ ಜಿಲ್ಲೆಯಲ್ಲಿಲ್ಲ. ರೈಲಿನಲ್ಲಿ ಬೀರೂರಿಗೋ ತರೀಕೆರೆಗೋ ಬಂದು, ಬಸ್ಸು ಹಿಡಿದು ಇಲ್ಲಿ ಇಳಿದರೆ ಗುಡ್ಡ ಎದುರಿಗೇ ಗೋಡೆಯ ಹಾಗೆ ಎದ್ದಿರುತ್ತದೆ.

ಹತ್ತುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಟಗಾರರು ಏರಿನ ಬಗ್ಗೆಯೇ ಕೊಚ್ಚಿಕೊಳ್ಳುತ್ತಾರೆ. ಕಡಿದಾದ ಏರಿನಲ್ಲಿ ಓಡುವವರು ಬಹಳ ಕಡಿಮೆ, ಗೆಲ್ಲುವ ಘಟಾನುಘಟಿಗಳೂ ಮಂಡಿಯ ಮೇಲೆ ಕೈಯೂರಿ ನಡೆಯುತ್ತಾರೆ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ ಒಂದು ಲೆಕ್ಕ ಹಾಕಿಕೊಟ್ಟ. ಅದನ್ನು ನಮ್ಮ ಅಳತೆಗೆ ತಂದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್. ಮೇಲಿನ ಎತ್ತರ 1434 ಮೀಟರ್, ಊರು ಅದರ ಸುಮಾರು ಅರ್ಧದಲ್ಲಿದೆ. ಅಂದರೆ ನೇಸ್ಮಿತ್ ಪ್ರಕಾರ ಐದು ಗಂಟೆಯ ಮೇಲೆ ಹತ್ತು ನಿಮಿಷ. ಓಡಿ, ನಡೆದು, ಕೂತು, ಕಲ್ಲತ್ತಿಗಿರಿಯಲ್ಲಿ ನೀರಿಗೆ ತಲೆಯೊಡ್ಡಿ ನಾನು ತೆಗೆದುಕೊಂಡಿದ್ದು ನಾಲ್ಕು ಗಂಟೆ ಚಿಲ್ಲರೆ. ಈ ವಯಸ್ಸಿಗೆ ಸಾಕು.

ಕಲ್ಲತ್ತಿಗಿರಿಯಲ್ಲಿ ತಲೆಯೊಡ್ಡದೆ ಮುಂದೆ ಹೋಗುವವನು ಓಟಗಾರನಿರಬಹುದು, ರಸಿಕನಲ್ಲ. ಚಂದ್ರದ್ರೋಣ ಬೆಟ್ಟದಿಂದ ನೀರು ಬಂಡೆ ಬಂಡೆಯನ್ನೂ ಮುಟ್ಟಿಕೊಂಡು ಇಳಿಯುತ್ತದೆ, ಅದರ ಪಕ್ಕದಲ್ಲೇ ವಿಜಯನಗರ ಕಾಲದ ವೀರಭದ್ರನ ಗುಡಿ, ಕಲ್ಲಿನ ಆನೆಗಳು. ಅಲ್ಲಿಂದ ಮೇಲಕ್ಕೆ ಘಾಟಿಯ ತಿರುವುಗಳು, ಕಾಫಿ, ಸಿಲ್ವರ್ ಓಕು, ಮೆಣಸಿನ ಬಳ್ಳಿ. ಡಾಂಬರು ಬಿಟ್ಟು ತೋಟದ ದಾರಿ ಹಿಡಿಯುವುದಾದರೆ ತೋಟದವರನ್ನು ಮೊದಲೇ ಕೇಳಿಕೊಳ್ಳಬೇಕು. ಕೇಳಿದರೆ ಬೇಡ ಎಂದವರು ಕಡಿಮೆ. ಕೇಳದೆ ನುಗ್ಗಿದರೆ ನಾಯಿ ಬಿಡುತ್ತಾರೆ, ಬಿಡಲೇಬೇಕು.

ಈ ಓಟದ ನಿಜವಾದ ವಿದ್ಯೆ ಇರುವುದು ಇಳಿಯುವುದರಲ್ಲಿ. ಏರು ಕೇಳುವುದು ದಮ್ಮು, ಅದನ್ನು ಮೂರು ತಿಂಗಳಲ್ಲಿ ಸಂಪಾದಿಸಬಹುದು. ಇಳಿಜಾರು ಕೇಳುವುದು ಕಾಲಿನ ಬುದ್ಧಿಯನ್ನು. ಕೆಮ್ಮಣ್ಣುಗುಂಡಿಯ ರಾಜಭವನದ ಹಿಂದಿನಿಂದ ಝಡ್ ಪಾಯಿಂಟ್‌ಗೆ ಒಂದು ಕಾಲುದಾರಿಯಿದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೊರಕಲು, ನಡುವೆ ಶಾಂತಿ ಫಾಲ್ಸ್, ಕೊನೆಗೆ ಹುಲ್ಲಿನ ಕಡಿದಾದ ಬೆನ್ನು. ಅಲ್ಲಿಂದ ವಾಪಸು ಇಳಿಯುವ ಮೊದಲ ನೂರು ಹೆಜ್ಜೆಯಲ್ಲಿ ಮನುಷ್ಯ ಎಂಥವನು ಎಂದು ಗೊತ್ತಾಗಿಬಿಡುತ್ತದೆ. ಹೆದರಿದವನು ಹಿಂದಕ್ಕೆ ವಾಲುತ್ತಾನೆ. ಹಿಂದಕ್ಕೆ ವಾಲಿದರೆ ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ, ಹಿಮ್ಮಡಿ ಜಾರುತ್ತದೆ, ಅಂಡು ನೆಲಕ್ಕೆ. ನಾನು ಮೊದಲ ಸಲ ಮೂರು ಬಾರಿ ಕೂತಿದ್ದೇನೆ. ಮೈಯನ್ನು ಕೊಂಚ ಮುಂದಕ್ಕೆ ಬಿಟ್ಟು, ಮಂಡಿ ಸಡಿಲವಾಗಿಟ್ಟು, ಹೆಜ್ಜೆಯನ್ನು ಗೇಣಿನಷ್ಟು ಚಿಕ್ಕದು ಮಾಡಿ, ಬೇಗ ಬೇಗ ಇಡಬೇಕು. ಕಣ್ಣು ಈಗಿನ ಹೆಜ್ಜೆಯ ಮೇಲಲ್ಲ, ಇನ್ನು ನಾಲ್ಕು ಹೆಜ್ಜೆ ಆಚೆಗೆ. ಕೈಗಳನ್ನು ಕೋಳಿ ರೆಕ್ಕೆ ಬಿಟ್ಟ ಹಾಗೆ ಅಗಲಿಸಿದರೂ ನಾಚಿಕೆಪಡಬೇಕಾಗಿಲ್ಲ.

ಮಣ್ಣು ಗೊತ್ತಿರಬೇಕು. ಊರಿನ ಹೆಸರಿನಲ್ಲೇ ಇದೆಯಲ್ಲ, ಕೆಂಪು ಮಣ್ಣಿನ ಗುಂಡಿ. ಇಲ್ಲಿನ ಕಬ್ಬಿಣದ ಅದಿರು 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಅದಿರಿನ ತೊಟ್ಟಿಲುಗಳು ರೋಪ್‌ವೇಯಲ್ಲಿ ತೂಗಾಡುತ್ತ ತಣಿಗೇಬೈಲಿಗೆ ಇಳಿಯುತ್ತಿದ್ದವು. ಆ ಮಣ್ಣು ಬೇಸಿಗೆಯಲ್ಲಿ ಪುಡಿ, ಮೇಲೆ ರಾಗಿ ಚೆಲ್ಲಿದ ಹಾಗೆ ಸಣ್ಣ ಜಲ್ಲಿ. ಕಾಲಿಟ್ಟರೆ ಉರುಳುತ್ತದೆ, ಬ್ರೇಕ್ ಹಾಕಿದಷ್ಟೂ ಹೆಚ್ಚು ಉರುಳುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಬೂಟಿನಡಿ ಮುದ್ದೆಯಾಗಿ ಅಂಟಿಕೊಂಡು ಒಂದೊಂದು ಕಾಲೂ ಅರ್ಧ ಕೆಜಿ ಹೆಚ್ಚು ತೂಗುತ್ತದೆ. ತೋಟದೊಳಗೆ ಬೇರೆಯೇ ಮೋಸ. ಒಣಗಿದ ಸಿಲ್ವರ್ ಓಕ್ ಎಲೆ ನೋಡಲು ಮೆತ್ತನೆ ಹಾಸಿಗೆ, ತುಳಿದರೆ ಎಣ್ಣೆ ಸವರಿದ ಹಲಗೆ. ಜೂನಿನಿಂದ ಆಚೆಗೆ ಇಂಬಳಗಳ ರಾಜ್ಯ. ಓಡುವವರಿಗೆ ಇಂಬಳ ಹತ್ತುವುದಿಲ್ಲ ಎಂದು ನಂಬಬೇಡಿ, ನೀರು ಕುಡಿಯಲು ನಿಂತ ಒಂದು ನಿಮಿಷ ಅವಕ್ಕೆ ಸಾಕು. ಹೊಗೆಸೊಪ್ಪಿನ ನೀರು ಸವರಿದ ಕಾಲುಚೀಲಕ್ಕಿಂತ ಒಳ್ಳೆಯ ಮದ್ದು ನನಗಂತೂ ಅಂಗಡಿಯಲ್ಲಿ ಸಿಕ್ಕಿಲ್ಲ.

ಬೂಟಿನ ವಿಷಯ ಬಂತು. ಒಂದು ದುಬಾರಿ ವಿದೇಶಿ ಕಂಪನಿಯ ಬೂಟು ತಂದಿದ್ದೆ. ಎರಡನೇ ಮಳೆಗಾಲಕ್ಕೆ ಅದರ ಅಟ್ಟೆ ಹಸಿದ ಮೊಸಳೆಯ ಬಾಯಿಯಂತೆ ತೆರೆದುಕೊಂಡಿತು. ಲಿಂಗದಹಳ್ಳಿಯವರೆಗೆ ಬಾಳೆನಾರಿನಲ್ಲಿ ಕಟ್ಟಿಕೊಂಡು ಬಂದೆ. ನನ್ನ ಹಿಂದೆಯೇ ತೋಟದ ಕೆಲಸ ಮುಗಿಸಿದ ಹೆಂಗಸರು ಇಳಿಯುತ್ತಿದ್ದರು, ತಲೆಯ ಮೇಲೆ ಸೌದೆ ಹೊರೆ, ಕಾಲಲ್ಲಿ ಹವಾಯಿ ಚಪ್ಪಲಿ. ಮಾತು ನಿಲ್ಲಿಸಲಿಲ್ಲ, ಹೊರೆ ಅಲುಗಲಿಲ್ಲ, ಹೆಜ್ಜೆ ಗೇಣಿಗಿಂತ ಉದ್ದವಿರಲಿಲ್ಲ. ನಾನು ಪುಸ್ತಕ ಓದಿ, ವಿಡಿಯೊ ನೋಡಿ ಕಲಿತದ್ದೆಲ್ಲ ಅವರ ಕಾಲಲ್ಲಿತ್ತು. "ದಾರಿ ಬಿಡಣ್ಣ" ಎಂದು ಒಬ್ಬಾಕೆ ನನ್ನನ್ನು ದಾಟಿ ಹೋದಳು. ಅಷ್ಟು ಸೊಗಸಾದ ಇಳಿತವನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿಲ್ಲ.

ಇಳಿದ ದಿನ ಏನೂ ಆಗುವುದಿಲ್ಲ. ಮಜಾ ಇರುವುದು ಮಾರನೆಯ ದಿನ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ, ಇಳಿಯುವಾಗ ಹಿಗ್ಗುತ್ತಲೇ ಮೈಯ ಭಾರವನ್ನು ತಡೆಯಬೇಕು. ಆ ಎಳೆತಕ್ಕೆ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತವೆ, ನೋವು ಒಂದೆರಡು ದಿನ ಕಳೆದ ಮೇಲೆ ತಾರಕಕ್ಕೇರುತ್ತದೆ. ಮನೆಯ ಮೆಟ್ಟಿಲನ್ನು ಬೆನ್ನು ತಿರುಗಿಸಿ ಇಳಿದದ್ದನ್ನು ಕಂಡು ನನ್ನ ಹೆಂಡತಿ ನಕ್ಕಿದ್ದು ಈಗಲೂ ನಿಂತಿಲ್ಲ. ಸಮಾಧಾನದ ಸಂಗತಿಯೆಂದರೆ, ಒಮ್ಮೆ ಹೀಗೆ ಪೆಟ್ಟು ತಿಂದ ತೊಡೆ ಮುಂದಿನ ಕೆಲವು ವಾರ ಅದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಆದ್ದರಿಂದ ದೊಡ್ಡ ಓಟಕ್ಕೆ ಮೂರು ವಾರ ಮುಂಚೆ ಒಂದು ಸಣ್ಣ ಇಳಿಜಾರು ಓಡಿಬಿಡಬೇಕು.

ಜೇಬಿನಲ್ಲಿ ಏನಿರಬೇಕು ಎಂದು ಕೇಳುವವರಿಗೆ: ಕೊಬ್ಬರಿ, ಬೆಲ್ಲ, ಹುರಿದ ಶೇಂಗಾ, ಒಂದು ಚಿಟಿಕೆ ಉಪ್ಪು. ಟ್ಯೂಬಿನಲ್ಲಿ ಬರುವ ಅಂಟು ಪಾಕ ನನಗೆ ಸೇರದು. ವಾಪಸು ಬಂದ ಮೇಲೆ ಮಂಡಕ್ಕಿ ಮೆಣಸಿನಕಾಯಿ ಬೋಂಡ, ಅದಕ್ಕೆ ಸಮ ಯಾವುದೂ ಇಲ್ಲ.

ಒಂದು ಮಾತು ಕಟುವಾಗಿ ಹೇಳಬೇಕು. ಮೇಲಿನ ಹುಲ್ಲುಗಾವಲಿನ ಮೇಲೆ ಕಾಲುದಾರಿ ಬಿಟ್ಟು ಓಡಬೇಡಿ. ಆ ಹುಲ್ಲು ಮತ್ತು ಅದರ ಸಂದುಗಳಲ್ಲಿ ಅಡಗಿರುವ ಶೋಲಾ ಕಾಡು ಮಳೆಯನ್ನು ಹಿಡಿದಿಟ್ಟುಕೊಂಡು ಕೆಳಗಿನವರಿಗೆ ಹಂಚುತ್ತವೆ. ಕಡೂರು ಕಡೆಯ ಕೆರೆಗಳಿಗೆ ನೀರು ಬರುವುದು ಈ ಬೆಟ್ಟಸಾಲಿನಿಂದಲೇ. 2022ರಲ್ಲಿ ಕುರಿಂಜಿ ಅರಳಿದಾಗ ಫೋಟೊಕ್ಕಾಗಿ ಗಿಡದ ಮೇಲೇ ನಿಂತವರನ್ನು ನಾನು ನೋಡಿದ್ದೇನೆ. ಪಶ್ಚಿಮಕ್ಕೆ ಭದ್ರಾ ಹುಲಿ ಮೀಸಲು ಪ್ರದೇಶವಿದೆ, ಆನೆ, ಕಾಟಿ, ಕರಡಿ ಎಲ್ಲವೂ ಇವೆ. ಕಿವಿಗೆ ಹಾಡು ತುರುಕಿಕೊಂಡು ಮುಸ್ಸಂಜೆಯಲ್ಲಿ ಓಡುವವನು ಕಾಟಿಗೂ ಕಷ್ಟ ಕೊಡುತ್ತಾನೆ, ತನಗೂ ತಂದುಕೊಳ್ಳುತ್ತಾನೆ. ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಡೆ ಅನುಮತಿ ತೆಗೆದುಕೊಳ್ಳಿ, ಬೇಡ ಎಂದರೆ ವಾಪಸು ಬನ್ನಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಸಾಲುಗಟ್ಟಿ ನುಗ್ಗಿದ ಮೇಲೆ ಚಾರಣಗಳನ್ನೇ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ತರಬೇಕಾಯಿತು. ಆ ಗತಿ ಈ ಬೆಟ್ಟಕ್ಕೆ ಬರುವುದು ಬೇಡ.

ಈ ಅಂಕಣ ಓದಿ ಹೊರಡುವವರಿದ್ದರೆ ಎರಡು ದಿನ ಮೊದಲೇ ಕಾಲಿನ ಉಗುರು ಕತ್ತರಿಸಿಕೊಳ್ಳಿ. ಕೆಮ್ಮಣ್ಣುಗುಂಡಿಯಿಂದ ಇಳಿಯುವ ಮುಂಚೆ ಒಂದು ಕಲ್ಲಿನ ಮೇಲೆ ಕೂತು ಬೂಟಿನ ಲೇಸನ್ನು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿಕೊಳ್ಳಿ. ನಾನು ಕಟ್ಟಿಕೊಳ್ಳದ ವರ್ಷ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದುಹೋಯಿತು, ಮತ್ತೆ ಪೂರ್ತಿ ಬೆಳೆಯಲು ವರ್ಷದ ಮೇಲೆ ಹಿಡಿಯಿತು.